ಪೇಸ್‌ಮೇಕರ್ ಇದ್ದವರಿಗೆ ಯಾವ ಶಾಖ?



ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯವರೇ ಇಲ್ಲಿ ಹೆಚ್ಚು. ಸ್ಟೇಶನ್ನಿನ ಸೇತುವೆ ಹತ್ತಿ ಇಳಿದ ನಮ್ಮ ಮಂಡಿಗಳ ಕಥೆ ಬೇರೆ ಹೇಳಬೇಕಾಗಿಲ್ಲ. ಫಿಸಿಯೋಥೆರಪಿಸ್ಟ್ ಆದ ನನ್ನ ಬಳಿ ಬರುವವರು ಮೊದಲು ಕೇಳುವುದೇ 'ಶೇಕ್'. "ಮೆಶಿನ್ ಶೇಕ್ ಕೊಟ್ಟುಬಿಡಿ ಮೇಡಂ, ವ್ಯಾಯಾಮ ಆಮೇಲೆ ನೋಡೋಣ" ಅಂತ.

ಆ ಮೆಶಿನ್‌ಗಳಲ್ಲಿ ಶಾರ್ಟ್‌ವೇವ್ ಡಯಾಥರ್ಮಿ, ಮೈಕ್ರೋವೇವ್ ಡಯಾಥರ್ಮಿ ಎಂಬುವು ಇವೆ. ಮೈಕ್ರೋವೇವ್‌ನದು ಸಾಮಾನ್ಯವಾಗಿ 2450 ಮೆಗಾಹರ್ಟ್ಸ್, ನಮ್ಮ ಅಡುಗೆಮನೆಯ ಮೈಕ್ರೋವೇವ್ ಒಲೆಯದೂ ಅದೇ. ಆದರೆ ಒಲೆಯಲ್ಲಿ ಅಲೆಗಳು ಪೆಟ್ಟಿಗೆಯೊಳಗೇ ಉಳಿಯುತ್ತವೆ. ಕ್ಲಿನಿಕ್ಕಿನಲ್ಲಿ ಅವನ್ನು ಬೇಕೆಂದೇ ಮೈಯೊಳಗೆ ಬಿಡುತ್ತಾರೆ. ಪೇಸ್‌ಮೇಕರ್ ಇರುವ ಅತ್ತೆಗೆ ಒಲೆಯ ಹತ್ತಿರ ಬರಬೇಡಿ ಎಂದು ಹೇಳಿ (ಬಹಳ ಮನೆಗಳಲ್ಲಿ ಕಂಡಿದ್ದೇನೆ), ಮಂಡಿಗೆ ಡಯಾಥರ್ಮಿ ಕೊಡಿಸಲು ಕರೆದೊಯ್ಯುವುದು ತಲೆಕೆಳಗಾದ ಎಚ್ಚರಿಕೆ.

ಪೇಸ್‌ಮೇಕರಿನಿಂದ ಹೃದಯದೊಳಗೆ ಲೀಡ್ ಎಂಬ ತೆಳು ತಂತಿ ಹೋಗಿರುತ್ತದೆ. ಅದು ಆಂಟೆನಾದಂತೆ ಅಲೆಗಳನ್ನು ಹಿಡಿದರೆ ತುದಿ ಕಾದು, ತಗಲಿದ ಹೃದಯದ ಮಾಂಸ ಸುಡಬಹುದು. ಅಲೆಗಳ ಗದ್ದಲವನ್ನೇ ಬಡಿತವೆಂದು ತಿಳಿದು ಪೇಸ್‌ಮೇಕರ್ ಸುಮ್ಮನಾಗಬಹುದು. ಐಸಿಡಿ ಇದ್ದರೆ ಕಾರಣವಿಲ್ಲದೆ ಶಾಕ್ ಹೊಡೆಯಬಹುದು. 2002ರ ಡಿಸೆಂಬರಿನಲ್ಲಿ ಅಮೆರಿಕದ ಎಫ್‌ಡಿಎ ಇದರ ಬಗ್ಗೆ ಎಚ್ಚರಿಸಿತು. ಕಾರಣ, ಮಿದುಳಿನಲ್ಲಿ ಇಂಥ ಲೀಡ್ ಇದ್ದ ರೋಗಿಗಳ ಸಾವು. ಒಬ್ಬರಿಗೆ ಡಯಾಥರ್ಮಿ ಕೊಟ್ಟದ್ದು ಬೆನ್ನುಮೂಳೆಯ ತೊಂದರೆಗೆ, ಪೆಟ್ಟು ಬಿದ್ದದ್ದು ಮಿದುಳಿಗೆ. ಆದ್ದರಿಂದ "ಎದೆಗಲ್ಲ, ಮಂಡಿಗೆ ತಾನೇ" ಎನ್ನಬೇಡಿ. ಉಪಕರಣ ಆಫ್ ಮಾಡಿದ್ದರೂ, ಅದನ್ನು ತೆಗೆದು ತಂತಿ ಮಾತ್ರ ಉಳಿದಿದ್ದರೂ ಡಯಾಥರ್ಮಿ ಬೇಡ.

ಕಲ್ಯಾಣದ ಅಜ್ಜಿಯೊಬ್ಬರನ್ನು ಒಂದು ಕ್ಲಿನಿಕ್ಕಿನಲ್ಲಿ "ಬಿಪಿ, ಶುಗರ್ ಹೈ ಕ್ಯಾ" ಎಂದಷ್ಟೇ ಕೇಳಿದ್ದರಂತೆ. ಇಲ್ಲ ಎಂದರು, ಮಲಗಿದರು. ಸ್ವಿಚ್ ಹಾಕುವ ಮುನ್ನ ಮೊಮ್ಮಗಳು ಕೂಗಿಕೊಂಡಳು, ಬಚಾವಾದರು. ಯಾರೂ ಕೇಳದಿದ್ದರೂ ನೀವೇ ಹೇಳಿ: "ಮಲಾ ಪೇಸ್‌ಮೇಕರ್ ಆಹೇ." ಆಸ್ಪತ್ರೆ ಕೊಟ್ಟ ಕಾರ್ಡು ಕಪಾಟಿನಲ್ಲಿ ಬೇಡ, ಪರ್ಸಿನಲ್ಲಿರಲಿ. ನಮ್ಮ ಕ್ಲಿನಿಕ್ಕುಗಳಲ್ಲಿ ಮಂಚಗಳ ನಡುವೆ ಬರೀ ಪರದೆ. ಪಕ್ಕದವರಿಗೆ ಡಯಾಥರ್ಮಿ ನಡೆಯುತ್ತಿದ್ದರೆ ಎದ್ದು ಹೊರಗೆ ಕೂರಿ, ಸಂಕೋಚ ಬೇಡ.

ಹಾಗಾದರೆ ಮಂಡಿನೋವಿಗೆ ಏನು? ಬಿಸಿನೀರಿನ ಚೀಲ ಧಾರಾಳವಾಗಿ ಇಟ್ಟುಕೊಳ್ಳಿ. ಸಕ್ಕರೆ ಕಾಯಿಲೆಯಿಂದ ಕಾಲು ಜೋಮಾಗಿರುವವರು ಮಾತ್ರ ಬಿಸಿಯನ್ನು ಬೇರೆಯವರ ಕೈಯಲ್ಲಿ ಮುಟ್ಟಿಸಿ ನೋಡಿಸಿ. ಟೆನ್ಸ್ ಮೆಶಿನ್ನಿಗೆ ಮೊದಲು ಹೃದಯದ ಡಾಕ್ಟರನ್ನು ಕೇಳಿ. ಇನ್ನು ತೊಡೆಯ ಸ್ನಾಯುವಿನ ವ್ಯಾಯಾಮ: ಕುರ್ಚಿಯಲ್ಲಿ ಕುಳಿತು ಕಾಲು ನೀಟಾಗಿ ಚಾಚಿ, ಐದು ಎಣಿಸಿ, ಇಳಿಸಿ. ಈಗ ಎಲ್ಲರೂ ಒಮ್ಮೆ ಮಾಡೋಣ, ಬಲಗಾಲು ಮೊದಲು.