ಬೋಳು ಪದವಿನಲ್ಲಿ ಎದ್ದ ಶಾಲೆ, ತಲೆಮಾರು ದಾಟಿದ ಹೊಣೆ



ಉಡುಪಿಯಿಂದ ಮೂಡು ದಿಕ್ಕಿಗೆ, ಪರ್ಕಳದ ದಾರಿ ಹಿಡಿದು ಹೊರಟವರಿಗೆ ಐದು ಕಿಲೋಮೀಟರಿನ ಒಳಗೇ ಒಂದು ಏರು ಸಿಗುತ್ತದೆ. ಇಂದು ಆ ಏರಿನ ಮೇಲೆ ಆಸ್ಪತ್ರೆ, ಕಾಲೇಜು, ಹಾಸ್ಟೆಲುಗಳ ಸಾಲು. ಎಂಬತ್ತು ವರ್ಷಗಳ ಹಿಂದೆ ಅಲ್ಲಿ ಇದ್ದದ್ದು ಮುರಕಲ್ಲಿನ ಪದವು ಮಾತ್ರ. ಮಳೆಗಾಲದಲ್ಲಿ ನಾಲ್ಕು ತಿಂಗಳು ಹುಲ್ಲು ಹಸಿರು, ಉಳಿದ ತಿಂಗಳುಗಳಲ್ಲಿ ಕಾದ ಕಲ್ಲು. ತುಳುವಿನಲ್ಲಿ ಪಳ್ಳ ಎಂದರೆ ಕೆರೆ. ಆ ಪದವಿನ ಮಣ್ಣಪಳ್ಳ ಎಂಬ ಕೆರೆಯ ಹೆಸರೇ ಬಾಯಿಂದ ಬಾಯಿಗೆ ಸವೆದು ಮಣಿಪಾಲವಾಯಿತೆಂದು ಹೇಳುವುದು ರೂಢಿ. ಗದ್ದೆಯೂ ಆಗದ, ತೋಟವೂ ಆಗದ ಆ ನೆಲದಲ್ಲಿ ಒಂದು ಮನೆತನ ವಿದ್ಯೆಯ ಬೇಸಾಯ ಮಾಡಿತು. ಆ ಮನೆತನಕ್ಕೂ ಆ ಗುಡ್ಡಕ್ಕೂ ಇರುವ ನಂಟು ಎಂಥದ್ದು, ಅದರಿಂದ ಊರಿಗೆ ಬಂದದ್ದೇನು, ಉಳಿದಿರುವ ಪ್ರಶ್ನೆ ಯಾವುದು ಎಂಬುದು ಇಂದಿನ ವಿಷಯ.

ಶಾಲೆಯೊಂದು ಮನೆತನದ ಕೈಯಲ್ಲಿ ಬೆಳೆಯುವುದು ಕರಾವಳಿಗೆ ಹೊಸದಲ್ಲ. ದಕ್ಷಿಣ ಕನ್ನಡ ಜಿಲ್ಲೆ 1956ರವರೆಗೆ ಮದರಾಸಿನ ಆಡಳಿತದಲ್ಲಿತ್ತು. ಹಳ್ಳಿಯ ಅನುಕೂಲಸ್ಥನೊಬ್ಬನೋ ಅಕ್ಷರ ಬಲ್ಲ ಮೇಷ್ಟರೋ ತನ್ನ ಜಾಗದಲ್ಲಿ ಮುಳಿಹುಲ್ಲಿನ ಚಪ್ಪರ ಹಾಕಿ ಮಕ್ಕಳನ್ನು ಕೂಡಿಸಿದರೆ, ಸರಕಾರ ಪರೀಕ್ಷಿಸಿ ಅನುದಾನ ಕೊಡುತ್ತಿತ್ತು. ಕಟ್ಟಡ, ಜಾಗ, ಮೇಲ್ವಿಚಾರಣೆ ಮನೆಯವರದ್ದು. ಮೇಷ್ಟರ ಸಂಬಳಕ್ಕೆ ಸರಕಾರದ ನೆರವು. ಆ ಮನೆಯ ಹಿರಿಯ ಶಾಲೆಯ ಸಂಚಾಲಕ. ಅವನ ನಂತರ ಮಗ, ಇಲ್ಲವೆ ಅಳಿಯ. ಹೀಗೆ ಅಜ್ಜ ಕಟ್ಟಿದ ಶಾಲೆಗೆ ಮೊಮ್ಮಗ ಸಂಚಾಲಕನಾದ ಉದಾಹರಣೆಗಳು ಈ ಜಿಲ್ಲೆಗಳ ಹಳ್ಳಿಹಳ್ಳಿಯಲ್ಲೂ ಸಿಗುತ್ತವೆ. ಮಣಿಪಾಲದ ಕಥೆ ಇದೇ ಬೇರಿನಿಂದ ಹೊರಟದ್ದು. ಬೆಳೆದ ಎತ್ತರ ಮಾತ್ರ ಬೇರೆ.

ಕಲ್ಯಾಣಪುರದಲ್ಲಿ 1898ರಲ್ಲಿ ಹುಟ್ಟಿದ ತೋನ್ಸೆ ಮಾಧವ ಅನಂತ ಪೈಗಳು ವೈದ್ಯಕೀಯ ಓದಲು ಮದರಾಸಿಗೆ ಹೋಗಬೇಕಾಯಿತು. ಕಲಿತು ಊರಿಗೆ ಬಂದು ಉಡುಪಿಯಲ್ಲಿ ವೈದ್ಯವೃತ್ತಿ ಹಿಡಿದರು. ರೋಗಿಯ ಕಾಯಿಲೆಯ ಹಿಂದೆ ಬಡತನ, ಬಡತನದ ಹಿಂದೆ ಅವಿದ್ಯೆ ನಿಂತಿರುವುದು ಹಳ್ಳಿಯ ವೈದ್ಯನಿಗೆ ದಿನಾ ಕಾಣುವ ನೋಟ. 1925ರಲ್ಲಿ ಅಣ್ಣ ಉಪೇಂದ್ರ ಪೈ ಮತ್ತು ವಾಮನ ಕುಡ್ವರೊಡನೆ ಸೇರಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟನ್ನು ಸ್ಥಾಪಿಸಿದರು. ಬಂಡವಾಳ 8000 ರೂಪಾಯಿ. ಕಷ್ಟಕ್ಕೆ ಬಿದ್ದಿದ್ದ ಕೈಮಗ್ಗದ ನೇಕಾರರಿಗೆ ನೆರವಾಗುವುದು ಮೊದಲ ಉದ್ದೇಶ. 1928ರಲ್ಲಿ ಪಿಗ್ಮಿ ಠೇವಣಿ ಬಂತು. ದಿನಕ್ಕೆ ಎರಡಾಣೆ, ಅದನ್ನು ಪಡೆಯಲು ಬ್ಯಾಂಕಿನ ಏಜೆಂಟನೇ ಮನೆಬಾಗಿಲಿಗೆ, ಅಂಗಡಿ ಬಾಗಿಲಿಗೆ ಬರುತ್ತಿದ್ದ.

ಬ್ಯಾಂಕಿನ ಮಾತು ಇಲ್ಲಿ ಯಾಕೆ ಎಂದು ಕೆಲವರಿಗೆ ಅನಿಸಬಹುದು. ಮಣಿಪಾಲದ ಶಾಲೆಗಳ ಹಿಂದಿನ ತರ್ಕ ಇರುವುದೇ ಈ ಎರಡಾಣೆಯಲ್ಲಿ. ದೊಡ್ಡವರ ದಾನಕ್ಕಾಗಲಿ ಸರಕಾರದ ಖಜಾನೆಗಾಗಲಿ ಕಾಯದೆ, ಅನೇಕರಿಂದ ಸ್ವಲ್ಪಸ್ವಲ್ಪ ಕೂಡಿಸಿದರೆ ದೊಡ್ಡ ಕೆಲಸ ಆಗುತ್ತದೆಂಬ ಲೆಕ್ಕ ಅದು. ಅದೇ ಲೆಕ್ಕವನ್ನು ವಿದ್ಯೆಗೆ ಹಚ್ಚಿದರು. 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ಹುಟ್ಟಿತು. ಅದರ ಆರಂಭದ ಆಸಕ್ತಿ ಕೈಕಸುಬಿನ ತರಬೇತಿ. ಓದಿದ ಹುಡುಗ ಕೆಲಸವಿಲ್ಲದೆ ಕೂರಬಾರದೆಂಬ ವಿಚಾರ. 1949ರಲ್ಲಿ ಉಡುಪಿಯಲ್ಲಿ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು ತೆರೆಯಿತು. ಅಲ್ಲಿಯವರೆಗೆ ಮಂಗಳೂರಿಗೋ ಮದರಾಸಿಗೋ ಹೋಗಲಾರದೆ ಓದು ನಿಲ್ಲಿಸುತ್ತಿದ್ದ ಉಡುಪಿ, ಕಾಪು, ಕಾರ್ಕಳದ ಮಕ್ಕಳಿಗೆ ಪದವಿ ಶಿಕ್ಷಣ ಬಸ್ಸಿನ ದೂರಕ್ಕೆ ಬಂತು. ಮುಂದೆ 1971ರಲ್ಲಿ ಇದೇ ಕಾಲೇಜಿನ ಆಸರೆಯಲ್ಲಿ ಯಕ್ಷಗಾನ ಕೇಂದ್ರವೂ ಆರಂಭವಾಯಿತು.

ಎಲ್ಲರನ್ನೂ ಬೆರಗುಗೊಳಿಸಿದ್ದು 1953ರ ಸಾಹಸ. ವೈದ್ಯಕೀಯ ಕಾಲೇಜು ಎಂದರೆ ಸರಕಾರ ಅಥವಾ ದೊಡ್ಡ ಮಿಷನ್ ಸಂಸ್ಥೆ ನಡೆಸುವಂಥದ್ದು ಎಂದು ದೇಶವೇ ನಂಬಿದ್ದ ಕಾಲ. ಮಣಿಪಾಲದ ಬೋಳು ಗುಡ್ಡದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಬಾಗಿಲು ತೆರೆಯಿತು. ವಿದ್ಯಾರ್ಥಿಗಳಿಂದ ಬರುವ ಹಣದಿಂದಲೇ ನಡೆಯುವ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಭಾರತಕ್ಕೆ ಇದೇ ಮೊದಲನೆಯದೆಂದು ಗುರುತಿಸುತ್ತಾರೆ. ಕಲಿಸಲು ಆಸ್ಪತ್ರೆ ಬೇಕಲ್ಲ? ಆರಂಭದ ವರ್ಷಗಳ ಪಾಠ ಮಣಿಪಾಲದಲ್ಲಿ; ರೋಗಿಗಳ ಮಗ್ಗುಲಲ್ಲಿ ನಿಂತು ಕಲಿಯುವ ವರ್ಷಗಳಿಗೆ ಮಂಗಳೂರಿನ ಸರಕಾರಿ ವೆನ್ಲಾಕ್ ಆಸ್ಪತ್ರೆ. ಖಾಸಗಿಯವರ ಕಾಲೇಜು, ಸರಕಾರದ ಆಸ್ಪತ್ರೆ ಎಂಬ ಈ ಜೋಡಣೆಯಿಂದ ಎರಡೂ ಕಡೆಗೆ ಲಾಭವಾಯಿತು. ಆಸ್ಪತ್ರೆಗೆ ನುರಿತ ವೈದ್ಯರು ಸಿಕ್ಕಿದರು, ಕಾಲೇಜಿಗೆ ಪಾಠದ ಜಾಗ ಸಿಕ್ಕಿತು. 1957ರಲ್ಲಿ ಎಂಜಿನಿಯರಿಂಗ್ ಕಾಲೇಜು, 1961ರಲ್ಲಿ ಮಣಿಪಾಲದಲ್ಲೇ ಕಸ್ತೂರ್ಬಾ ಆಸ್ಪತ್ರೆ, 1965ರಲ್ಲಿ ದಂತವೈದ್ಯ ಕಾಲೇಜು ಬಂದವು.

ಡಾ. ಟಿ.ಎಂ.ಎ. ಪೈಗಳಿಗೆ 1972ರಲ್ಲಿ ಪದ್ಮಶ್ರೀ ಬಂತು. 1979ರಲ್ಲಿ ಅವರು ತೀರಿಕೊಂಡರು. ಸಾಮಾನ್ಯವಾಗಿ ಸಂಸ್ಥೆಗಳು ಎಡವುವುದು ಇಲ್ಲಿಯೇ. ಕಟ್ಟಿದವನ ಜೊತೆಗೆ ಕಟ್ಟಿದ್ದೂ ಕುಸಿಯುತ್ತದೆ. ಇಲ್ಲಿ ಹಾಗಾಗಲಿಲ್ಲ, ಹೊಣೆ ಮನೆಯೊಳಗೆ ಆಗಲೇ ಹಂಚಿಹೋಗಿತ್ತು. ಉಪೇಂದ್ರ ಪೈಗಳ ಮಗ ಟಿ.ಎ. ಪೈ ಬ್ಯಾಂಕನ್ನು ಬೆಳೆಸಿ, ಆಹಾರ ನಿಗಮದ ಮೊದಲ ಅಧ್ಯಕ್ಷರಾಗಿ, ಕೇಂದ್ರದಲ್ಲಿ ಮಂತ್ರಿಯಾಗಿ, ಕೊನೆಗೆ 1980ರಲ್ಲಿ ಮಣಿಪಾಲದಲ್ಲೇ ಆಡಳಿತ ನಿರ್ವಹಣೆಯ ವಿದ್ಯಾಸಂಸ್ಥೆ ತೆರೆದರು. ಪೈಗಳ ಮಗ ಮೋಹನದಾಸ ಪೈ 1970ರಲ್ಲಿ ಆರಂಭವಾದ ‘ಉದಯವಾಣಿ’ಯ ಸ್ಥಾಪಕರಲ್ಲಿ ಒಬ್ಬರು. ಇನ್ನೊಬ್ಬ ಮಗ ಡಾ. ರಾಮದಾಸ ಪೈ ವಿದ್ಯಾಸಂಸ್ಥೆಗಳ ಚುಕ್ಕಾಣಿ ಹಿಡಿದರು. ತಂದೆ ವೈದ್ಯಕೀಯಕ್ಕೆ ಮದರಾಸಿಗೆ ಹೋಗಬೇಕಾಗಿತ್ತು, ಮಗ ಓದಿದ್ದು ತಂದೆಯೇ ಕಟ್ಟಿದ ಕಾಲೇಜಿನಲ್ಲಿ, ಮೊಮ್ಮಗ ಡಾ. ರಂಜನ್ ಪೈ ಓದಿದ್ದೂ ಅಲ್ಲೇ. ನಂಟು ಎಂಬ ಮಾತಿಗೆ ಇದಕ್ಕಿಂತ ಸರಳ ವಿವರಣೆ ಬೇಕಿಲ್ಲ.

ಎರಡನೆಯ ತಲೆಮಾರಿನ ಕಾಲಕ್ಕೆ ಗುಡ್ಡದ ಶಾಲೆ ನಿಜವಾದ ಪರ್ವತಗಳನ್ನೇ ಹತ್ತಿತು. 1993ರಲ್ಲಿ ಮಣಿಪಾಲದ ಕಾಲೇಜುಗಳಿಗೆ ಡೀಮ್ಡ್ ವಿಶ್ವವಿದ್ಯಾಲಯದ ಸ್ಥಾನ ದೊರೆಯಿತು. 1994ರಲ್ಲಿ ನೇಪಾಳದ ಪೋಖರಾದಲ್ಲಿ ವೈದ್ಯಕೀಯ ಕಾಲೇಜು, 1995ರಲ್ಲಿ ಸಿಕ್ಕಿಂ ಮಣಿಪಾಲ ವಿಶ್ವವಿದ್ಯಾಲಯ, 1997ರಲ್ಲಿ ಮಲೇಷ್ಯಾದ ಮಲಕ್ಕಾದ ಜೊತೆಗೂಡಿದ ವೈದ್ಯಕೀಯ ಕಾಲೇಜು ಹುಟ್ಟಿಕೊಂಡವು. ರಾಮದಾಸ ಪೈಗಳಿಗೆ 2011ರಲ್ಲಿ ಪದ್ಮಭೂಷಣ ಸಂದಿತು.

ಆದರೆ ಹೊಗಳಿಕೆಯಲ್ಲೇ ಮಾತು ಮುಗಿಸಿದರೆ ಅರ್ಧ ಕಥೆ ಹೇಳಿದಂತೆ. ವಿದ್ಯಾರ್ಥಿಯ ಹಣದಿಂದ ಕಾಲೇಜು ನಡೆಸುವ ದಾರಿಯನ್ನು ಮಣಿಪಾಲ ತೋರಿಸಿತು. ಆ ದಾರಿಯಲ್ಲಿ ಆಮೇಲೆ ಯಾರು ಯಾರೋ ಬಂದರು. ಕ್ಯಾಪಿಟೇಷನ್, ಡೊನೇಷನ್ ಎಂಬ ಪದಗಳು ಮನೆಮಾತಾದವು. ಕರ್ನಾಟಕ ಸರಕಾರ 1984ರಲ್ಲಿ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯಿದೆ ತಂದಿತು. 1992ರಲ್ಲಿ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇಂಥ ವಸೂಲಿಯನ್ನು ಖಂಡಿಸಿತು. 1993ರ ಉನ್ನಿಕೃಷ್ಣನ್ ತೀರ್ಪು ಸೀಟುಗಳನ್ನು ಅರ್ಧಕ್ಕರ್ಧ ಹಂಚಿ, ಒಬ್ಬರ ಹೆಚ್ಚಿನ ಶುಲ್ಕದಲ್ಲಿ ಇನ್ನೊಬ್ಬರ ಕಡಿಮೆ ಶುಲ್ಕದ ಓದು ನಡೆಯುವ ವ್ಯವಸ್ಥೆ ಮಾಡಿತು. 2002ರ ಅಕ್ಟೋಬರ್ 31ರಂದು ಹನ್ನೊಂದು ನ್ಯಾಯಾಧೀಶರ ಪೀಠ ಆ ವ್ಯವಸ್ಥೆಯನ್ನು ತೆಗೆದುಹಾಕಿತು. ಶಾಲೆ ಕಟ್ಟಿ ನಡೆಸುವುದು ನಾಗರಿಕನ ಹಕ್ಕು. ಸಂಸ್ಥೆಯ ಬೆಳವಣಿಗೆಗೆ ಬೇಕಾದಷ್ಟು ಉಳಿತಾಯ ತಪ್ಪಲ್ಲ. ಆದರೆ ಲಾಭಕೋರತನ ಮತ್ತು ಕ್ಯಾಪಿಟೇಷನ್ ಸಲ್ಲದು ಎಂಬುದು ಅದರ ಸಾರ. ಆ ಮೊಕದ್ದಮೆಯ ಹೆಸರು ‘ಟಿ.ಎಂ.ಎ. ಪೈ ಫೌಂಡೇಷನ್ ವಿರುದ್ಧ ಕರ್ನಾಟಕ ರಾಜ್ಯ’. ಕಲ್ಯಾಣಪುರದ ವೈದ್ಯರೊಬ್ಬರ ಹೆಸರು ಹೀಗೆ ದೇಶದ ಕಾನೂನು ವಿದ್ಯಾರ್ಥಿಗಳ ಪಾಠವಾಯಿತು.

ಈ ತೀರ್ಪಿನ ಮಾತನ್ನು ಕರಾವಳಿಯವರು ತಮ್ಮದೇ ಭಾಷೆಯಲ್ಲಿ ಸುಲಭವಾಗಿ ಹೇಳಬಲ್ಲರು. ಇಲ್ಲಿ ದೇವಸ್ಥಾನಗಳಿಗೆ, ಭೂತದ ಸಾನಗಳಿಗೆ ಆನುವಂಶಿಕ ಮೊಕ್ತೇಸರರಿದ್ದಾರೆ. ತಂದೆಯ ನಂತರ ಮಗನಿಗೆ, ಮಾವನ ನಂತರ ಅಳಿಯನಿಗೆ ಆ ಸ್ಥಾನ ಬರುತ್ತದೆ. ಉತ್ಸವದ ದಿನ ಮೊದಲ ಪ್ರಸಾದವೂ ಅವರಿಗೇ. ಆದರೆ ದೇವರ ಒಡವೆ ಅವರದ್ದಲ್ಲ. ಹುಂಡಿಯ ಲೆಕ್ಕ ಊರ ಹತ್ತು ಸಮಸ್ತರ ಮುಂದೆ ಇಡಬೇಕು. ವಂಶಪಾರಂಪರ್ಯವಾಗಿ ಬರುವುದು ಹೊಣೆಯೇ ಹೊರತು ಒಡೆತನ ಅಲ್ಲ. ಶಾಲೆ ನಡೆಸುವ ಮನೆತನಕ್ಕೂ ಇದೇ ಅಳತೆ. ಸಂಸ್ಥೆ ದೊಡ್ಡದಾದಷ್ಟೂ ಲೆಕ್ಕ ಕೇಳುವ ಊರೂ ದೊಡ್ಡದಾಗುತ್ತದೆ. ಪದವಿನ ಬುಡದ ಹಳ್ಳಿಯ ಹುಡುಗಿಗೆ ಮೇಲಿನ ಕಾಲೇಜಿನ ಬಾಗಿಲು ಎಷ್ಟು ತೆರೆದಿದೆ ಎಂಬುದೇ ಆ ಲೆಕ್ಕದ ಮೊದಲ ಸಾಲು.

ಕಾಲ ಎಲ್ಲವನ್ನೂ ಉಳಿಸುವುದಿಲ್ಲ. ಎರಡಾಣೆಯಲ್ಲಿ ಬೆಳೆದ ಆ ಬ್ಯಾಂಕು 1969ರಲ್ಲಿ ರಾಷ್ಟ್ರೀಕರಣವಾಯಿತು. 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿ ಸಿಂಡಿಕೇಟ್ ಎಂಬ ಹೆಸರೇ ಮರೆಯಾಯಿತು. ಶಾಲೆ ಮಾತ್ರ ಉಳಿದಿದೆ. ಇತ್ತ ಅಜ್ಜಂದಿರು ಚಪ್ಪರ ಹಾಕಿ ಆರಂಭಿಸಿದ ಹಳ್ಳಿಯ ಅನುದಾನಿತ ಕನ್ನಡ ಶಾಲೆಗಳಲ್ಲಿ ಹಲವು ಶತಮಾನೋತ್ಸವ ಆಚರಿಸಿ, ಮಕ್ಕಳಿಲ್ಲದೆ ಬೀಗ ಹಾಕಿಕೊಂಡಿವೆ. ಕೆಲವನ್ನು ಹಳೆ ವಿದ್ಯಾರ್ಥಿಗಳು, ಸಂಚಾಲಕರ ಮನೆಯವರು ಕೈಯಿಂದ ಹಣ ಹಾಕಿ ನಡೆಸುತ್ತಿದ್ದಾರೆ. ದೊಡ್ಡ ಗುಡ್ಡದ ಕಥೆ ಪುಸ್ತಕಗಳಲ್ಲಿದೆ, ಕಾನೂನು ವರದಿಗಳಲ್ಲಿದೆ. ಆ ಸಣ್ಣ ಶಾಲೆಗಳ ಹಾಜರಿ ಪುಸ್ತಕಗಳನ್ನು ಗೆದ್ದಲು ತಿನ್ನುವ ಮೊದಲು ಊರವರೇ ಬಿಚ್ಚಿ ನೋಡಬೇಕು. ಯಾವ ಮನೆಯ ಅಜ್ಜ ಯಾವ ಮನೆಯ ಮಗುವಿಗೆ ಅಕ್ಷರ ಕಲಿಸಿದ ಎಂಬುದು ಅಲ್ಲಿ ಮಾತ್ರ ಬರೆದಿದೆ.