ಹಳೇ ಬೈಕ್ ತಗೋಳ್ತಿದ್ದೀರಾ? ಪೈಪ್ ಒಳಗೂ ನೋಡಿ

ಪುಣೆಗೆ ಬಂದ ಹೊಸತರಲ್ಲಿ ಸೆಕೆಂಡ್ ಹ್ಯಾಂಡ್ ಬೈಕ್ ತಗೊಂಡೆ. ಸೈಲೆನ್ಸರ್ ಫಳಫಳ ಅಂತಿತ್ತು. ಆದ್ರೆ ಒಳಗೆ ಕ್ಯಾಟಲಿಟಿಕ್ ಕನ್ವರ್ಟರ್ರೇ ಇರಲಿಲ್ಲ! ಮಾರಿದವನು ಒರಿಜಿನಲ್ ಪೈಪ್ ಗುಜರಿಗೆ ಹಾಕಿದ್ದ. ಅದರಲ್ಲಿರೋ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪನಕ್ಕೇ ಬೆಲೆ.

2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಪೆಟ್ರೋಲ್ ಬೈಕುಗಳಲ್ಲಿ ಇದು ಇರಬೇಕು. ಗುರುತಿಸೋದು ಹೇಗೆ? ಎಂಜಿನ್ ತಣ್ಣಗಾಗಲಿ. ಹಿಂದಿನ ತುದಿಯಿಂದ ಟಾರ್ಚ್ ಬಿಟ್ರೆ ಸಾಮಾನ್ಯವಾಗಿ ಬರೀ ತಗಡಿನ ಅಡ್ಡಗೋಡೆ ಕಾಣುತ್ತೆ. ಅದರಿಂದ ಏನೂ ಗೊತ್ತಾಗಲ್ಲ. ಮುಂದಿನಿಂದ ನೋಡಿ. ಎಂಜಿನ್ನಿಂದ ಇಳಿಯೋ ಪೈಪ್ ಎಲ್ಲಾದ್ರೂ ಡಬ್ಬದ ಹಾಗೆ ಉಬ್ಬಿದೆಯಾ? ಕೆಲವದ್ರಲ್ಲಿ ಅದು ಸೈಲೆನ್ಸರ್ ಒಳಗೇ ಅಡಗಿರುತ್ತೆ. ಅನುಮಾನ ಬಂದ್ರೆ ಪೈಪ್ ಬಿಚ್ಚಿಸಿ, ಎಂಜಿನ್ ಕಡೆಯ ಬಾಯಿಂದ ನೋಡಿ. ಜೇನುಗೂಡಿನಂಥ ಸಣ್ಣ ಕಣ್ಣುಗಳು ಕಂಡ್ರೆ ಅದೇ ಕ್ಯಾಟ್. ಉಬ್ಬಿನ ಮೇಲೆ ಹೊಸ ವೆಲ್ಡಿಂಗ್ ಗೆರೆ ಇದ್ರೆ ಕೊಯ್ದು ತೆಗೆದಿರಬಹುದು.

ದುಡ್ಡು ಕೊಡೋ ಮುಂಚೆ ಐದು ನಿಮಿಷ ಬಗ್ಗಿ ನೋಡಿ. ನಾನು ಬಗ್ಗಿರಲಿಲ್ಲ, ದಂಡ ತೆತ್ತೆ.