ಓರೆ ಹಲಗೆಯ ಲೆಕ್ಕ

ಓರೆಯಾಗಿಟ್ಟ ಹಲಗೆಯ ಮೇಲಿನ ಕಲ್ಲಿನ ತೂಕದಲ್ಲಿ ಎಷ್ಟು ಪಾಲು ಅದನ್ನು ಕೆಳಕ್ಕೆ ಜಗ್ಗುತ್ತದೆ, ಎಷ್ಟು ಪಾಲು ಹಲಗೆಯನ್ನು ಒತ್ತುತ್ತದೆ ಎಂಬುದು ಬಲವಿಜ್ಞಾನದ ಬಹಳ ಹಳೆಯ ಪ್ರಶ್ನೆ. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಕಡೆ ಫರಸಿ ಸಾಗಿಸುವವರ ರಟ್ಟೆಗೆ ಇದರ ಉತ್ತರ ಗೊತ್ತು. ಅದು ಕಾಗದಕ್ಕೆ ಇಳಿಯಲು ಮಾತ್ರ ಶತಮಾನಗಳೇ ಹಿಡಿದವು. ಅಲೆಕ್ಸಾಂಡ್ರಿಯದ ಪ್ಯಾಪಸ್ ನಾಲ್ಕನೆಯ ಶತಮಾನದಲ್ಲೇ ಲೆಕ್ಕ ಹಾಕಿ ಎಡವಿದ್ದ.

ಇದಕ್ಕೆ ಬೇಕಾದ ರೇಖಾಗಣಿತ ಸೇಡಂ ತಾಲ್ಲೂಕಿನ ಮಳಖೇಡಕ್ಕೆ ಹೊಸದಲ್ಲ. ಅದೇ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನನ್ನು ಹೊಗಳುವ ‘ಗಣಿತಸಾರಸಂಗ್ರಹ’ದಲ್ಲಿ, ಎರಡು ಸಂಖ್ಯೆಗಳಿಂದ ಲಂಬಕೋನ ಆಕೃತಿ ಹುಟ್ಟಿಸುವ ಕ್ರಮವನ್ನು ಮಹಾವೀರಾಚಾರ್ಯ ಹೇಳಿದ್ದಾನೆ: ವರ್ಗಗಳ ವ್ಯತ್ಯಾಸ, ಗುಣಲಬ್ಧದ ಇಮ್ಮಡಿ, ವರ್ಗಗಳ ಮೊತ್ತ. 2 ಮತ್ತು 1 ಹಿಡಿದರೆ 3, 4, 5 ಬರುತ್ತದೆ. ಒಂಬತ್ತನೆಯ ಶತಮಾನದ ಆ ಗ್ರಂಥ ಅಳೆದದ್ದು ಉದ್ದ, ವಿಸ್ತೀರ್ಣಗಳನ್ನು, ಬಲವನ್ನಲ್ಲ.

1586ರಲ್ಲಿ ಫ್ಲಾಂಡರ್ಸ್ ಮೂಲದ ಸೈಮನ್ ಸ್ಟೆವಿನ್ ಒಂದು ಸೊಗಸಾದ ಯುಕ್ತಿ ಹೂಡಿದ. ಒಂದು ಇಳಿಜಾರು ಇನ್ನೊಂದರ ಎರಡರಷ್ಟು ಉದ್ದವಿರುವ ತ್ರಿಕೋನದ ಮೇಲೆ 14 ಗುಂಡುಗಳ ಮಾಲೆ. ಉದ್ದ ಬದಿಗೆ 4, ಗಿಡ್ಡ ಬದಿಗೆ 2, ಮಿಕ್ಕ 8 ಕೆಳಗೆ ಜೋತಿವೆ. ಮಾಲೆ ತಾನಾಗಿ ಜಾರತೊಡಗಿದರೆ ನಿಲ್ಲುವುದೇ ಇಲ್ಲ, ಅದು ಅಸಾಧ್ಯ. ಎರಡೂ ಕಡೆ ಸಮನಾಗಿ ಜಗ್ಗುವ ಕೆಳಗಿನ ಎಂಟನ್ನು ತೆಗೆದರೂ, 4 ಗುಂಡುಗಳಿಗೆ 2 ಸಮತೂಗಲೇಬೇಕು. ಒಂದು ಸಮೀಕರಣವೂ ಇಲ್ಲದೆ ಇಷ್ಟು ಸಾಧಿಸಿದ್ದು ಇಂದಿನ ಎಷ್ಟೋ ಪಠ್ಯಗಳ ವಿವರಣೆಗಿಂತ ಮೇಲು. 1687ರಲ್ಲಿ ನ್ಯೂಟನ್ನನ ‘ಪ್ರಿನ್ಸಿಪಿಯಾ’ ಮತ್ತು ಫ್ರಾನ್ಸಿನ ವಾರಿನ್ಯೋನನ ಕೃತಿ, ಎರಡೂ ಬಲಗಳನ್ನು ಸಮಾಂತರ ಚತುರ್ಭುಜದಿಂದ ಕೂಡಿಸಿ ತೋರಿದವು. ಇಂದಿನ ಸದಿಶ ಬರವಣಿಗೆಯನ್ನು ಗಿಬ್ಸ್ ಮತ್ತು ಹೆವಿಸೈಡ್ 1880ರ ದಶಕದಲ್ಲಿ ರೂಪಿಸಿದರು.

5 ಅಡಿ ಹಲಗೆಯ ಒಂದು ತುದಿ 3 ಅಡಿ ಎತ್ತರದ ಟ್ರಾಲಿಯ ಮೇಲಿದೆ, ಫರಸಿ 50 ಕಿಲೋ ಇದೆ ಎನ್ನಿ. ಗುರುತ್ವ ವೇಗೋತ್ಕರ್ಷವನ್ನು 10 ಎಂದು ಹಿಡಿದರೆ ತೂಕ 500 ನ್ಯೂಟನ್. ಮಹಾವೀರನ ತ್ರಿಕೋನವೇ ಇಲ್ಲಿದೆ: ಹಲಗೆಯ ಉದ್ದಕ್ಕೆ 300, ಹಲಗೆಗೆ ಲಂಬವಾಗಿ 400. ಘರ್ಷಣಾಂಕ 0.5 ಆದರೆ ಘರ್ಷಣೆ 200. ಕಲ್ಲು ಕೆಳಗೆ ಜಾರುವಾಗ ಘರ್ಷಣೆ ಮೇಲ್ಮುಖ. ಫಲಿತ ಬಲ 100 ನ್ಯೂಟನ್, ವೇಗೋತ್ಕರ್ಷ 2. ಮೇಲಕ್ಕೆ ನೂಕುವಾಗ ಘರ್ಷಣೆಯೂ ಕೆಳಮುಖವಾಗಿ ತಿರುಗುತ್ತದೆ: 300ಕ್ಕೆ 200 ಸೇರಿ 500, ಅಂದರೆ ಕಲ್ಲನ್ನು ನೇರ ಎತ್ತಲು ಬೇಕಾದಷ್ಟೇ! ಈ ದಿಕ್ಕಿನ ಬದಲಾವಣೆಯನ್ನು ಮರೆತರೆ ಪಿಯುಸಿ ವಿದ್ಯಾರ್ಥಿಗಳು ಅಂಕ ಕಳೆದುಕೊಳ್ಳುತ್ತಾರೆ. ಕಲ್ಲಿನ ಕೆಳಗೆ ಉರುಳುಗಂಬಿ ಇಟ್ಟರೆ ಆ 200ರಲ್ಲಿ ಬಹುಪಾಲು ಉಳಿತಾಯವಾಗುತ್ತದೆ.

ವಾಡಿಯಿಂದ ಚಿತ್ತಾಪುರ, ಸೇಡಂ ಹಾದು ಸಿಕಂದರಾಬಾದಿಗೆ 1874ರಲ್ಲಿ ತೆರೆದ ನಿಜಾಮರ ರೈಲುಮಾರ್ಗದಂಥ ಹಳಿಗಳಿಗೂ ಇದೇ ಲೆಕ್ಕ. 100 ಅಡಿಗೆ 1 ಅಡಿ ಏರುವ ಹಳಿಯಲ್ಲಿ 2,000 ಟನ್ನಿನ ಸಿಮೆಂಟ್ ಗಾಡಿಯನ್ನು 20 ಟನ್ ತೂಕದಷ್ಟು ಬಲ ಹಿಂದಕ್ಕೆಳೆಯುತ್ತದೆ. ಎಂಜಿನ್ ಅದನ್ನೂ ಗಾಲಿಗಳ ಘರ್ಷಣೆಯನ್ನೂ ಮೀರಿ ಜಗ್ಗಬೇಕು.